ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮುಂಚಿನ ಊಟ, ನಂತರದ ಊಟ



ಯಾಯೀರನ ಮಗಳನ್ನು ಬದುಕಿಸಿದ ಪ್ರಭು ಯೇಸು, ಆಕೆಗೆ ಉಣ್ಣಲು ಏನಾದರೂ ಕೊಡುವಂತೆ ಮನೆಯವರಿಗೆ ಹೇಳಿದರೆಂದು ಸಂತ ಮಾರ್ಕರು ಬರೆಯುತ್ತಾರೆ (5:43). ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಹಾಗೆಯೇ. ವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಊಟದ ಜವಾಬ್ದಾರಿ ಮಾತ್ರ ಜೀವನಪೂರ್ತಿ ಮನೆಯವರ ಮೇಲಿರುತ್ತದೆ.

ಅತಿತೂಕವುಳ್ಳವರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳುವುದನ್ನು ಮೊದಲು ಬಿಡೋಣ. ವಂಶಗುಣ, ಥೈರಾಯಿಡ್ ತೊಂದರೆ, ಕೆಲವು ಔಷಧಗಳು, ಇವೆಲ್ಲ ತೂಕಕ್ಕೆ ಕಾರಣವಾಗುತ್ತವೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಇಂಥ ಚಿಕಿತ್ಸೆಗೆ ದೊಡ್ಡ ಊರಿಗೇ ಹೋಗಬೇಕು. ಅಲ್ಲಿ ಕೊಡುವ ಆಹಾರದ ಚೀಟಿಯಲ್ಲಿ ಓಟ್ಸ್, ಸೂಪ್ ಬರೆದಿರಬಹುದು. ನಮ್ಮ ಅಡುಗೆಮನೆಯಲ್ಲಿರುವುದು ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ ಹಿಂಡಿ. ಆದ್ದರಿಂದ ನಮ್ಮ ಮನೆಯಲ್ಲಿ ಏನು ಬೇಯುತ್ತದೆಂದು ಆಹಾರತಜ್ಞರಿಗೆ ಬಿಚ್ಚಿ ಹೇಳಿ, ಅದಕ್ಕೆ ಹೊಂದುವ ಚೀಟಿಯನ್ನು ಕೇಳಿ ಪಡೆಯಿರಿ. ಸಂಕೋಚ ಬೇಡ.

ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು ಎರಡು ವಾರ ಎಣ್ಣೆ, ಸಕ್ಕರೆ, ಅನ್ನ, ರೊಟ್ಟಿ ತಗ್ಗಿಸಿ ಪ್ರೋಟೀನ್ ಹೆಚ್ಚಿಸಲು ಹೇಳುವುದುಂಟು. ಇದರಿಂದ ಕೊಬ್ಬು ತುಂಬಿದ ಯಕೃತ್ತು ಕುಗ್ಗಿ, ಜಠರವನ್ನು ತಲುಪಲು ವೈದ್ಯರಿಗೆ ಸುಲಭವಾಗುತ್ತದೆ. "ಇನ್ಮೇಲೆ ಉಣ್ಣಾಕ ಆಗಲ್ಲ, ಈಗ ಉಣ್ಣು" ಎಂದು ಬೀಗರು ಔತಣ ಮಾಡುವುದು ಪ್ರೀತಿಯೇ, ಆದರೆ ಅಪಾಯದ ಪ್ರೀತಿ. ರಕ್ತಹೀನತೆ ಇದ್ದರೆ ಅದನ್ನೂ ಮೊದಲೇ ಸರಿಪಡಿಸಬೇಕು.

'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ಉಳಿದ ಸಣ್ಣ ಚೀಲಕ್ಕೆ ಮೊದಲು ತಿಳಿ ದ್ರವ, ಆಮೇಲೆ ಮಜ್ಜಿಗೆ, ಹಾಲಿನಂಥವು, ಬಳಿಕ ನುಣ್ಣಗೆ ಅರೆದದ್ದು, ನಂತರ ಮೆತ್ತನೆಯದು. ಹೀಗೆ ಮಾಮೂಲು ಊಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಖಡಕ್ ರೊಟ್ಟಿಗೆ ಅವಸರ ಬೇಡ. ಚೆನ್ನಾಗಿ ಅಗಿದು ನಿಧಾನವಾಗಿ ತಿನ್ನಬೇಕು. ಊಟದ ಜೊತೆ ನೀರು ಕುಡಿಯದೆ, ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇದು ಸಾಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಹೆಮ್ಮೆ ನಮಗಿದೆ. ಆದರೆ ರೋಗಿಗೆ ಬೇಳೆಯ ಕಟ್ಟನ್ನಷ್ಟೇ ಬಸಿದು ಕೊಟ್ಟು, ಬೇಳೆಯನ್ನು ಉಳಿದವರು ಉಂಡರೆ ಏನು ಬಂತು? ಅರೆದ ಆಹಾರದ ಹಂತಕ್ಕೆ ಬಂದ ಮೇಲೆ ಬೇಳೆಯನ್ನೇ ಮಸೆದು ಕೊಡಿ. ಆದರೂ 30 ಗ್ರಾಂ ಬೇಳೆಯಲ್ಲಿ ಸಿಗುವುದು ಆರು ಗ್ರಾಂ ಚಿಲ್ಲರೆ, ಒಂದು ಮೊಟ್ಟೆಯಲ್ಲೂ ಸುಮಾರು ಅಷ್ಟೇ. ಆದ್ದರಿಂದ ಮೊಸರು, ಪನೀರು, ಮೆತ್ತಗೆ ಬೇಯಿಸಿದ ಮೀನು ಅಥವಾ ಕೋಳಿ, ಬೇಕಾದರೆ ವೈದ್ಯರು ಹೇಳಿದ ಪುಡಿ, ಎಲ್ಲವನ್ನೂ ಕೂಡಿಸಿ ಲೆಕ್ಕ ತುಂಬಬೇಕು.

ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆಗಳು ಜೀವಮಾನದ ಸಂಗಾತಿಗಳು. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಎರಡು ಗಂಟೆಯ ಅಂತರದಲ್ಲಿ ನುಂಗಬೇಕು, ಕಬ್ಬಿಣದ ಜೊತೆ ಚಹಾ ಸಲ್ಲದು. ಈ ಗುಳಿಗೆಗಳ ಮತ್ತು ಕಾಲಕಾಲದ ರಕ್ತಪರೀಕ್ಷೆಯ ಖರ್ಚನ್ನು ಲೆಕ್ಕ ಹಾಕದೆ ಶಸ್ತ್ರಚಿಕಿತ್ಸೆಗೆ ಸಹಿ ಹಾಕಬೇಡಿ. ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಬಿ1 ವಿಟಮಿನ್ ಬರಿದಾದರೆ ನರಕ್ಕೂ ಮೆದುಳಿಗೂ ಶಾಶ್ವತ ಹಾನಿಯಾಗಬಹುದು. ತೂಕ ಇಳಿದಂತೆ ಗರ್ಭ ಬೇಗ ನಿಲ್ಲುವುದುಂಟು. ಆದರೆ 12ರಿಂದ 18 ತಿಂಗಳು ಕಾಯುವುದು ತಾಯಿಗೂ ಮಗುವಿಗೂ ಕ್ಷೇಮ, ಆದ್ದರಿಂದ ದಂಪತಿಗಳು ಮೊದಲೇ ವೈದ್ಯರೊಡನೆ ಮಾತನಾಡಲಿ.

ಉಪವಾಸದ ಮಾತೇನು? ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಕಟ್ಟಳೆ ರೋಗಿಗಳನ್ನು ಬಂಧಿಸುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧವಾಗಲಿ ಮುರಿಯುವುದಿಲ್ಲ, ರೋಗಿಗಳಿಗೆ ಆ ನಿಯಮದಿಂದಲೇ ವಿನಾಯಿತಿ ಇದೆ. ಬಲಿಪೂಜೆಯಲ್ಲಿ ಬಾಟಲಿಯಿಂದ ಗುಟುಕು ನೀರು ಕುಡಿಯುವ ಅಕ್ಕನನ್ನು ಯಾರೂ ದುರುಗುಟ್ಟಿ ನೋಡಬೇಕಾಗಿಲ್ಲ.

ಧರ್ಮಕೇಂದ್ರದ ಹಬ್ಬದಲ್ಲಿ ಬಡಿಸುವವರಿಗೂ ಒಂದು ಮಾತು. ಗೋಧಿ ಹುಗ್ಗಿಯಂಥ ಸಿಹಿ, ಅದರಲ್ಲೂ ಬೈಪಾಸ್ ಆದವರಿಗೆ, ಎದೆಬಡಿತ, ಬೆವರು, ಭೇದಿ ತರಬಹುದು. "ಇನ್ನೊಂಚೂರು ತಗೊಳ್ರಿ" ಎಂದು ಒತ್ತಾಯಿಸದೆ ಸಣ್ಣ ಬಟ್ಟಲಲ್ಲಿ ಗಟ್ಟಿ ಬೇಳೆ ಬಡಿಸಿ. ಅವರು ಎರಡು ಚಮಚ ಉಂಡು ಸಾಕೆಂದರೆ ಬಟ್ಟಲನ್ನು ಸುಮ್ಮನೆ ಎತ್ತಿಡಿ.