ಧ್ರುವಸಮುದ್ರದ ಶಾರ್ಕುಗಳೂ ತಮಿಳುನಾಡಿನ ಪಳೆಯುಳಿಕೆಗಳೂ

ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಸೀಮೆಯ ನೈಸ್ ಮತ್ತು ಚಾರ್ನೊಕೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾಗಿದ್ದು, ಮೀನೆಂಬ ಜೀವಿಯೇ ಇನ್ನೂ ಹುಟ್ಟಿರದ ಕಾಲಕ್ಕೆ ಸೇರಿದವಾದುದರಿಂದ, ಅವುಗಳಲ್ಲಿ ಶಾರ್ಕಿನ ಪಳೆಯುಳಿಕೆಯನ್ನು ಅರಸುವುದು ವ್ಯರ್ಥವೇ ಸರಿ. ಆದರೆ ಅದೇ ರಾಜ್ಯದ ಅರಿಯಲೂರು, ಪೆರಂಬಲೂರು ಪ್ರದೇಶಗಳಲ್ಲಿ, ಕ್ರಿಟೇಶಿಯಸ್ ಯುಗದಲ್ಲಿ (ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ) ಸಮುದ್ರವು ನೆಲವನ್ನಾವರಿಸಿದಾಗ ಸಂಚಯಗೊಂಡ ಶಿಲಾಸ್ತರಗಳಿವೆ; ಇವನ್ನು ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂಬ ಸಮೂಹಗಳಾಗಿ ವಿಭಾಗಿಸಿದವನು ಭೂವಿಜ್ಞಾನಿ ಹೆನ್ರಿ ಬ್ಲ್ಯಾನ್‌ಫೋರ್ಡ್.

ಶಾರ್ಕಿನ ಅಸ್ಥಿಪಂಜರವು ಮೃದ್ವಸ್ಥಿಯಿಂದಾದುದರಿಂದ ಬೇಗನೆ ನಶಿಸಿಹೋಗಿ, ಜೀವಮಾನವೆಲ್ಲ ಉದುರುತ್ತ ಮರಳಿ ಹುಟ್ಟುವ ಹಲ್ಲುಗಳೇ ಪ್ರಾಯಶಃ ಶಿಲೆಯಲ್ಲುಳಿಯುತ್ತವೆ. ಉತ್ತತ್ತೂರು ಸಮೂಹದ ಕಾರೈ ಸ್ತರದಲ್ಲಿ ದೊರೆತ ಟೈಕೋಡಸ್ ಎಂಬ ಶಾರ್ಕಿನ ಚಪ್ಪಟೆ ಹಲ್ಲುಗಳು, ಆ ಪ್ರಾಣಿಯು ಚಿಪ್ಪುಜೀವಿಗಳನ್ನು ಅರೆದು ತಿನ್ನುತ್ತಿದ್ದಿತೆಂಬುದನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಅಂದು ಭಾರತವು ಅಂಟಾರ್ಕ್ಟಿಕದಿಂದ ಬೇರ್ಪಟ್ಟಿದ್ದರೂ ದಕ್ಷಿಣಾರ್ಧಗೋಳದಲ್ಲಿಯೇ ಇದ್ದಿತೆಂಬುದು ಮರೆಯಬಾರದ ವಿಷಯ.

ನಿಜವಾದ ಧ್ರುವಸಮುದ್ರದ ಶಾರ್ಕುಗಳ ನಿದರ್ಶನಗಳು ಇದಕ್ಕಿಂತ ಈಚಿನ ಇಯೋಸೀನ್ ಯುಗದವು (5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನವು). ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿಯೂ ಕೆನಡಾದ ಉತ್ತರಧ್ರುವವಲಯದ ಬ್ಯಾಂಕ್ಸ್ ದ್ವೀಪದಲ್ಲಿಯೂ ಸ್ಟ್ರಿಯಾಟೊಲಾಮಿಯಾ ಎಂಬ ಶಾರ್ಕು ಕುಲದ ಹಲ್ಲುಗಳು ದೊರೆತಿವೆ. ಭೂಮಿಯ ಎರಡು ತುದಿಗಳಲ್ಲಿ ಒಂದೇ ಕುಲವು ಬಾಳಿದ್ದಿತೆಂಬುದು ಎಷ್ಟು ಬೆರಗಿನ ಸಂಗತಿ! ಬ್ಯಾಂಕ್ಸ್ ದ್ವೀಪದ ಹಲ್ಲುಗಳಲ್ಲಿನ ಆಮ್ಲಜನಕದ ಐಸೋಟೋಪುಗಳನ್ನು ಪರೀಕ್ಷಿಸಲಾಗಿ, ಅಂದಿನ ಆರ್ಕ್ಟಿಕ್ ಸಾಗರದ ನೀರು ಇಂದಿನ ಕಡಲಿಗಿಂತ ಬಹಳ ಕಡಿಮೆ ಉಪ್ಪಿನದಾಗಿದ್ದಿತೆಂದು ಕಂಡುಬಂದಿದೆ.