ಪ್ಲೇಸ್‌ಮೆಂಟಾ, ಪಿಎಚ್‌ಡಿನಾ? ಎರಡನೇ ವರ್ಷದಲ್ಲೇ ಯೋಚಿಸೋಣ

ನಾನು ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟು ಉದ್ದ ಬರೆಯೋದು ಇದೇ ಮೊದಲು. ತಪ್ಪಿದ್ರೆ ಹೇಳಿ, ತಿದ್ಕೊಳ್ತೀನಿ.

ಕಳೆದ ಸೆಮಿಸ್ಟರ್‌ನಲ್ಲಿ ಸಿಗ್ನಲ್ಸ್ ವಿಷಯ ನನಗೆ ತುಂಬಾ ಹಿಡಿಸಿತು. ರಜೆಗೆ ಊರಿಗೆ ಹೋದಾಗ "ಮುಂದೆ ಪಿಎಚ್‌ಡಿ ಮಾಡ್ತೀನಿ" ಅಂದೆ. ಅಪ್ಪ ಬೈಯಲಿಲ್ಲ. "ಲೋನ್ ಕಂತು ಯಾವಾಗ ಶುರುವಾಗುತ್ತೆ ಗೊತ್ತಲ್ಲ ಮಗಾ?" ಅಂತಷ್ಟೇ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕುವಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೀನಿ.

1. ಕೆಲಸದಲ್ಲಿ ಏನು ವ್ಯತ್ಯಾಸ?

ಬ್ಯಾಟರಿ ಉದಾಹರಣೆ ತಗೊಳ್ಳಿ. ಕಂಪನಿಯಲ್ಲಿ ಕೇಳೋದು "ಈ ಬ್ಯಾಟರಿ ಮುಂದಿನ ಮಾಡೆಲ್ ಸ್ಕೂಟರಿಗೆ ಯಾವಾಗ ರೆಡಿ?" ಅಂತ. ಲ್ಯಾಬಿನಲ್ಲಿ ಕೇಳೋದು "ಇದು ಯಾಕೆ ಸವೆಯುತ್ತೆ?" ಅಂತ. ಕಂಪನಿಯಲ್ಲಿ ಪ್ರಶ್ನೆಯನ್ನೂ ಗಡುವನ್ನೂ ಹೆಚ್ಚಾಗಿ ಬೇರೆಯವರು ಕೊಡ್ತಾರೆ. ಆದ್ರೆ ಮಾಡಿದ್ದು ಜನರ ಕೈಗೆ ಹೋಗೋದನ್ನು ಬೇಗ ನೋಡ್ತೀವಿ. ಅಕಾಡೆಮಿಯಾದಲ್ಲಿ ಪ್ರಶ್ನೆ ಆರಿಸೋ ಸ್ವಾತಂತ್ರ್ಯ ಹೆಚ್ಚು. ಅದರ ಜೊತೆಗೆ ಪಾಠ ಮಾಡೋದು, ಪೇಪರ್ ತಿದ್ದೋದು, ಸಂಶೋಧನೆಗೆ ಹಣ ಕೇಳಿ ಅರ್ಜಿ ಬರೆಯೋದು, ವರ್ಷಗಟ್ಟಲೆ ಕಾಯೋದು ಎಲ್ಲಾ ಇರುತ್ತೆ.

ಒಂದು ತಪ್ಪು ಕಲ್ಪನೆ ನನಗೂ ಇತ್ತು: ಸಂಶೋಧನೆ ಅಂದ್ರೆ ಕಾಲೇಜು ಮಾತ್ರ ಅಂತ. ನಾವು ಓದೋ ಇನ್ಫರ್ಮೇಷನ್ ಥಿಯರಿಗೆ ತಳಹದಿ ಹಾಕಿದ ಕ್ಲಾಡ್ ಶಾನನ್ ಆ ಪ್ರಬಂಧ ಬರೆದದ್ದು 1948ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅದು ಟೆಲಿಫೋನ್ ಕಂಪನಿಯ ಲ್ಯಾಬ್! ಅವರು ಎಂಐಟಿಗೆ ಪಾಠ ಮಾಡೋಕೆ ಹೋದದ್ದು 1956ರಲ್ಲಿ.

2. ದುಡ್ಡಿನ ಲೆಕ್ಕ

ಗೇಟ್ ಪಾಸಾಗಿ ಎಂಟೆಕ್ ಸೇರಿದರೆ ಸಿಗೋ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಪಿಎಚ್‌ಡಿಗೆ ಸರ್ಕಾರಿ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರ ಮೊದಲ ಎರಡು ವರ್ಷ 37,000, ಆಮೇಲೆ 42,000. ಐಐಎಸ್‌ಸಿ, ಐಐಟಿಗಳಲ್ಲಿ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿ ಸೇರೋ ದಾರಿಯೂ ಇದೆ. ಇದು ನನಗೆ ಗೊತ್ತೇ ಇರಲಿಲ್ಲ.

ಲೋನ್ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತೆ. ಬಡ್ಡಿ ಮಾತ್ರ ಅಲ್ಲಿತನಕ ಸುಮ್ಮನೆ ಕೂರಲ್ಲ, ಬೆಳೀತಾನೇ ಇರುತ್ತೆ. ಹಾಗಾಗಿ ನಿರ್ಧಾರಕ್ಕೆ ಮುಂಚೆ ನಿಮ್ಮ ಬ್ಯಾಂಕಿನಲ್ಲಿ ಕೇಳಿ, ಕಂತಿನ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದಿಟ್ಕೊಳ್ಳಿ.

3. ಹೋಗಿ ವಾಪಸ್ ಬರಬಹುದಾ?

ನಿಯಮದ ಪ್ರಕಾರ ಬರಬಹುದು. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ. ಕೊನೇ ವರ್ಷ ಬರೆದ್ರೆ ಎರಡು ವರ್ಷ ಕೆಲಸ ಮಾಡಿಯೂ ಅದೇ ಸ್ಕೋರ್‌ನಲ್ಲಿ ಅರ್ಜಿ ಹಾಕಬಹುದು. ಆ ಕಡೆಯಿಂದ ಈ ಕಡೆಗೂ ದಾರಿ ಇದೆ: ಬೆಂಗಳೂರಿನ ಸ್ಟ್ರಾಂಡ್ ಜೀನೋಮಿಕ್ಸ್ ಕಂಪನಿಯನ್ನು 2000ದಲ್ಲಿ ಶುರು ಮಾಡಿದವರು ಐಐಎಸ್‌ಸಿ ಪ್ರಾಧ್ಯಾಪಕರೇ. ಆದ್ರೆ ಐಐಟಿಯಂಥ ಕಡೆ ಕಾಯಂ ಪ್ರೊಫೆಸರ್ ಆಗಬೇಕಾದ್ರೆ ಪಿಎಚ್‌ಡಿ ಬೇಕೇ ಬೇಕು. ಎಷ್ಟು ವರ್ಷ ಅನುಭವ ಇದ್ರೂ ಅದಕ್ಕೆ ಶಾರ್ಟ್‌ಕಟ್ ಇಲ್ಲ.

ನಮ್ಮ ಬ್ರಾಂಚಿನ ಸೀನಿಯರ್ ಅಕ್ಕ ಒಬ್ಬರು ಒಳ್ಳೆ ಗೇಟ್ ಸ್ಕೋರ್ ಇಟ್ಕೊಂಡು, "ಎರಡು ವರ್ಷ ಅಷ್ಟೇ" ಅಂತ ಕೆಲಸಕ್ಕೆ ಸೇರಿದ್ರು. ಸ್ಕೋರ್ ಅವಧಿ ಮುಗೀತು. ಯಾಕೆ ಅಂತ ಕೇಳಿದೆ. "ರೂಲ್ಸ್ ಯಾವ್ದೂ ನನ್ನ ತಡೀಲಿಲ್ಲ ಕಣೋ, ತಿಂಗಳ ಸಂಬಳ ತಡೀತು" ಅಂದ್ರು. ಅವರೇನೂ ಬೇಜಾರಲ್ಲಿಲ್ಲ, ಕೆಲಸ ಇಷ್ಟ ಆಗಿದೆ. ಆದ್ರೆ ಅದನ್ನ ಅವರು ಆರಿಸ್ಕೊಂಡಿದ್ದಲ್ಲ, ದಿನ ಕಳೆದು ಹಾಗಾಯ್ತು. ನನಗೆ ಭಯ ಆಗಿದ್ದು ಅದಕ್ಕೇ.

4. ಈಗ ಏನು ಮಾಡಬಹುದು?

ಎರಡನ್ನೂ ಸ್ವಲ್ಪ ಸ್ವಲ್ಪ ರುಚಿ ನೋಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡ್ತಾವೆ, ಅರ್ಹತೆ ನೋಡಿ ಅರ್ಜಿ ಹಾಕಿ. ಸಿಗದಿದ್ರೆ ನಮ್ಮ ಕಾಲೇಜಿನ ಮೇಷ್ಟ್ರ ಹತ್ತಿರ ಹೋಗಿ ಒಂದು ಸಣ್ಣ ಕೆಲಸ ಕೇಳಿ. ಇನ್ನೊಂದು ರಜೆಯಲ್ಲಿ ಕಂಪನಿ ಇಂಟರ್ನ್‌ಶಿಪ್ ಮಾಡಿ. ನಾಲ್ಕು ದಿನ ರಿಸಲ್ಟ್ ಬರದೇ ಇದ್ರೂ ಐದನೇ ದಿನ ಲ್ಯಾಬಿಗೆ ಹೋಗಬೇಕು ಅನ್ಸುತ್ತಾ? ನೀವು ಮಾಡಿದ್ದನ್ನು ಯಾರೋ ಬಳಸಿದಾಗ ಅದಕ್ಕಿಂತ ಖುಷಿಯಾಗುತ್ತಾ? ಉತ್ತರ ನಿಮಗೇ ಗೊತ್ತಾಗುತ್ತೆ.

ನನ್ನ ಪ್ಲಾನ್ ಇಷ್ಟು: ಕೊನೇ ವರ್ಷ ಗೇಟ್ ಬರೀತೀನಿ, ಪ್ಲೇಸ್‌ಮೆಂಟಿಗೂ ಕೂರ್ತೀನಿ. ಕೆಲಸ ಸಿಕ್ಕರೆ ಎರಡು ವರ್ಷ ಲೋನ್ ತೀರಿಸ್ತೀನಿ. ಸ್ಕೋರ್ ಮುಗಿಯೋ ಮುಂಚೆ ಪಿಎಚ್‌ಡಿಗೆ ಅರ್ಜಿ ಹಾಕ್ತೀನಿ, ಅಥವಾ ಬೇಡ ಅಂತ ಯೋಚಿಸಿಯೇ ಬಿಡ್ತೀನಿ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಆ ತಾರೀಕು ಬರೆದಿಟ್ಕೋ. ನಾನೂ ನೆನಪಿಸ್ತೀನಿ" ಅಂದ್ರು.

ನೀವೂ ನಿಮ್ಮ ತಾರೀಕು ಬರೆದಿಟ್ಕೊಳ್ಳಿ.