ಕಾಲುರಿಗೆ ಪುಡಿ ಹುಡುಕುವ ಮುನ್ನ

ಮಗೂ, ರಾತ್ರಿಯಾದರೆ ಅಂಗಾಲು ಉರಿ, ಬೆರಳೆಲ್ಲ ಜೋಮು, ಹೊದಿಕೆ ತಾಗಿದರೂ ತಡೆಯಲಾಗದು ಅಂತೀಯ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ನಾರುಬೇರಿನ ಪುಡಿ ತರಿಸಲು ಹೊರಟಿದ್ದೀಯ. ಜಾಣ ನೀನು, ಮೊಬೈಲ್ ಕೊಳ್ಳುವಾಗ ಹತ್ತು ಕಡೆ ವಿಚಾರಿಸುತ್ತೀಯ. ಹೊಟ್ಟೆಗೆ ಹಾಕುವ ಪುಡಿಗೆ ಮಾತ್ರ ಪೊಟ್ಟಣದ ಮೇಲಿನ ಹಸಿರು ಎಲೆಯ ಚಿತ್ರವೇ ಸಾಕಾಯಿತೇ?

ಹಿತ್ತಲ ಗಿಡ ಮದ್ದಲ್ಲ ಎನ್ನುವವಳಲ್ಲ ನಾನು. ನೀನು ಶುಗರಿಗೆಂದು ದಿನಾ ನುಂಗುವ ಮೆಟ್‌ಫಾರ್ಮಿನ್‌ನ ಮೂಲ ಹುಡುಕಿದರೂ ಗಲೀಗ ಎಂಬ ಯೂರೋಪಿನ ಗಿಡವೇ ಸಿಗುತ್ತದೆ. ಆ ಗಿಡದ ಸತ್ವ ಹಾಗೇ ತಿಂದರೆ ವಿಷ. ಅದರ ಜಾಡು ಹಿಡಿದವರು ಪಳಗಿಸಿ, ಅಳೆದು, ರೋಗಿಗಳಿಗೆ ಕೊಟ್ಟು ನೋಡಿ, 1957ರ ಹೊತ್ತಿಗೆ ಶುಗರಿನ ಮದ್ದು ಮಾಡಿದರು. ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಖಾರದಿಂದ ಮಾಡಿದ ಪಟ್ಟಿಗೂ 2020ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಕಾಲುನೋವಿಗೆ ಒಪ್ಪಿಗೆ ಸಿಕ್ಕಿತು. ಗಿಡದ ಮೇಲೆ ನನಗೆ ಕೋಪವಿಲ್ಲ. ಒಳಗೇನಿದೆ ಎಂದು ಹೇಳದ ಪುಡಿಯ ಮೇಲೆ ಕೋಪ. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ ವರದಿ 2004ರಲ್ಲಿ ಬಂತು. 14ರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಇತ್ತು. ಸೀಸ ನರವನ್ನೇ ಕೆಡಿಸುವ ವಿಷ ಕಣೋ! ನರ ಉಳಿಸಿಕೊಳ್ಳಲು ಹೋಗಿ ನರವನ್ನೇ ಕೊಟ್ಟು ಬರಬೇಡ.

ಇಂಗ್ಲಿಷ್ ಮದ್ದನ್ನೂ ತಲೆಮೇಲೆ ಹೊತ್ತು ಮೆರೆಸಬೇಡ. ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಇವೆಲ್ಲ ಉರಿ ತಗ್ಗಿಸುತ್ತವೆ, ನಿದ್ದೆ ಕೊಡುತ್ತವೆ. ಹಾಳಾದ ನರವನ್ನು ಮತ್ತೆ ಕಟ್ಟುವುದಿಲ್ಲ. ಕೆಲವರಿಗೆ ತಲೆಸುತ್ತು, ಕೆಲವರಿಗೆ ಮಂಪರು, ಕೆಲವರಿಗೆ ಕಾಲು ಊತ. ನಿನಗೆ ಒಗ್ಗದಿದ್ದರೆ ಹೇಳು, ಬದಲಾಯಿಸುತ್ತಾರೆ. ನಿನ್ನಷ್ಟಕ್ಕೆ ನೀನೇ ಥಟ್ಟನೆ ನಿಲ್ಲಿಸಬೇಡ. ನರಕ್ಕೆ ನಿಜವಾದ ಕಾವಲು ಶುಗರ್ ಹತೋಟಿ. ಬೆಳಿಗ್ಗೆ ಎದ್ದು ನಡೆಯೋ ಅಂದರೆ ನಾಳೆ ಅನ್ನುತ್ತೀಯ, ಪುಡಿ ಮಾತ್ರ ಇವತ್ತೇ ಬರಬೇಕು!

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯಬಹುದು. ನಮ್ಮಂಥ ಸಸ್ಯಾಹಾರಿಗಳಿಗೆ ಮೊದಲೇ ಅದು ಕಡಿಮೆ. ಅದು ಕಡಿಮೆಯಾದರೂ ಇದೇ ಜೋಮು, ಇದೇ ಉರಿ. ಹಾಗಿದ್ದರೆ ನಿನಗೆ ಬೇಕಾದದ್ದು ಬೇರೆಯೇ ಮದ್ದು. ಒಂದು ರಕ್ತಪರೀಕ್ಷೆ ಮಾಡಿಸಲು ಏನು ಕಷ್ಟ?

ನನಗೆ ಉರಿಗಿಂತ ಹೆಚ್ಚು ಭಯ ಮರಗಟ್ಟುವುದರದ್ದು. ನೋವು ನಿಂತಿತೆಂದು ಪುಡಿಗೆ ಶಹಬ್ಬಾಸ್ ಹೇಳುತ್ತೀಯ, ಅತ್ತ ನರವೇ ಸತ್ತಿರಬಹುದು. ನಮ್ಮ ಬೀದಿಯ ಹಿರಿಯರೊಬ್ಬರು ಜೋಮಿಗೆಂದು ಎಕ್ಕದ ಎಲೆ ಕಾಯಿಸಿ ಪಾದಕ್ಕೆ ಕಟ್ಟಿಕೊಂಡರು. ಬಿಸಿ ತಿಳಿಯಲೇ ಇಲ್ಲ. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಅಂಗಾಲೆಲ್ಲ ಬೊಬ್ಬೆ. ಆ ಗಾಯ ಮಾಯಲು ಎಷ್ಟೋ ತಿಂಗಳು ಹಿಡಿಯಿತು, ಒಂದು ಬೆರಳೂ ಹೋಯಿತು. ಅದಕ್ಕೇ ಹೇಳುತ್ತೇನೆ, ಬಿಸಿನೀರಿನ ಚೀಲ ಬೇಡ, ಕಾದ ಎಲೆ ಬೇಡ. ಮನೆಯೊಳಗೂ ಎಂಸಿಆರ್ ಎನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕು. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಡ, ಸಂಜೆ ಹೋದರೂ ದೇವರು ಇರುತ್ತಾನೆ. ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೋ. ಮುಖ ನೋಡಿಕೊಳ್ಳುವ ಹೊತ್ತಿನಲ್ಲಿ ಕಾಲುಭಾಗ ಸಾಕು.

ಮೆಂತ್ಯ ನೆನೆಹಾಕಿ ತಿನ್ನು, ಬೇಡ ಅನ್ನುವುದಿಲ್ಲ. ಹಾಗಲಕಾಯಿ ಪಲ್ಯ ನಾನೇ ಮಾಡಿಕೊಡುತ್ತೇನೆ, ಬೆಲ್ಲ ಮಾತ್ರ ಕೇಳಬೇಡ. ಆದರೆ ಶುಗರ್ ಮಾತ್ರೆಯ ಜೊತೆಗೆ ಲೋಟಗಟ್ಟಲೆ ಹಾಗಲಕಾಯಿ ರಸ ಕುಡಿದು, ಶುಗರ್ ತೀರಾ ಇಳಿದು, ಬೆವೆತು ನಡುಗಿ ಬಿದ್ದೀಯ, ಜೋಕೆ. ಇನ್ನು ಆ ಪುಡಿ ಬಿಡಲು ಮನಸ್ಸೇ ಇಲ್ಲವೆಂದರೆ, ಸೋಮವಾರ ಡಾಕ್ಟರ ಹತ್ತಿರ ಹೋಗುವಾಗ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೋ. ಮುಚ್ಚಿಡದೆ ಮೇಜಿನ ಮೇಲಿಡು. ಬೈದರೆ ಬೈಸಿಕೋ. ಹಾಗೇ ಚಪ್ಪಲಿ ಬಿಚ್ಚಿ ಎರಡೂ ಪಾದ ತೋರಿಸಿ, ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಪರೀಕ್ಷೆ ಮಾಡಿ ಎಂದು ಕೇಳು.